ಬೆಳಗಿನ ಐದೂವರೆಯ ರೋಗ, ಹನ್ನೊಂದೂವರೆಯ ಡಾಕ್ಟರು

ಕರ್ನಾಟಕದಲ್ಲಿ ವೈದ್ಯರ ಕೊರತೆಯಿದೆ ಎಂದು ಯಾರಾದರೂ ಗೋಳಾಡಿದರೆ, ಕೈಬೆರಳು ಊದಿಸಿಕೊಂಡು ಒಂದು ಮದುವೆ ಮನೆಗೆ ಹೋಗಿಬರಲು ಅವರಿಗೆ ಹೇಳಿ. ಮೊದಲ ಪಂಕ್ತಿಗೆ ಕೋಸಂಬರಿ ಬಡಿಸುವುದರೊಳಗೆ ರೋಗ ಯಾವುದೆಂದು ತೀರ್ಮಾನವಾಗಿರುತ್ತದೆ. ಪಾಯಸ ಬರುವ ಹೊತ್ತಿಗೆ ಇನ್ನೂ ನಾಲ್ಕು ರೋಗಗಳು ಸೇರಿಕೊಂಡಿರುತ್ತವೆ. ಎಡಗಡೆ ಎಲೆಯವರು ‘ವಾಯು ಕಣ್ರೀ’ ಅನ್ನುತ್ತಾರೆ. ಬಲಗಡೆ ಎಲೆಯವರು ‘ವಾಯು ಎಲ್ಲಿಂದ ಬಂತು, ಗ್ಯಾಸು, ಗಂಟಿಗೆ ಸೇರ್ಕೊಂಡಿದೆ’ ಎಂದು ತಿದ್ದುತ್ತಾರೆ. ಎದುರು ಸಾಲಿನಿಂದ ‘ಯೂರಿಕ್ ಆಸಿಡ್ ನೋಡಿಸಿದ್ರಾ?’ ಎಂಬ ಪ್ರಶ್ನೆ ತೂರಿಬರುತ್ತದೆ. ಬಡಿಸುವ ಹುಡುಗನೂ ಸಾರಿನ ಬಕೆಟ್ ಕೆಳಗಿಟ್ಟು, ‘ನಮ್ಮಮ್ಮಂಗೂ ಹಿಂಗೇ ಆಗಿತ್ತು ಆಂಟಿ, ಕ್ಯಾಲ್ಸಿಯಂ ಕಮ್ಮಿ’ ಎಂದು ಹೇಳಿ ಮುಂದಿನ ಎಲೆಗೆ ಹೋಗುತ್ತಾನೆ. ಕೈ ತೊಳೆಯುವ ಜಾಗದಲ್ಲಿ ಪಥ್ಯದ ವಿಭಾಗ ಕಾದಿರುತ್ತದೆ: ಬದನೆಕಾಯಿ ಬಿಡಿ, ಆಲೂಗಡ್ಡೆ ಬಿಡಿ, ಫ್ರಿಜ್ಜಿನ ನೀರು ಮುಟ್ಟಲೇಬೇಡಿ. ಟೋಕನ್ ಇಲ್ಲ, ಫೀಸಿಲ್ಲ, ಹೊರಡುವಾಗ ತಾಂಬೂಲದ ಜೊತೆ ತೆಂಗಿನಕಾಯಿ ಬೇರೆ.

ಇಷ್ಟೆಲ್ಲ ವೈದ್ಯರಿದ್ದ ಛತ್ರದಲ್ಲಿ ಯಾರ ಬಾಯಲ್ಲೂ ಬಾರದ ಹೆಸರು ಒಂದೇ ಒಂದು: ರುಮಟಾಯ್ಡ್ ಆರ್ಥ್ರೈಟಿಸ್. ಅದೇನು ಅಪರೂಪದ ಕಾಯಿಲೆಯೇ? ವೈದ್ಯ ಎ. ಎನ್. ಮಾಳವೀಯ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇ. 0.75 ಮಂದಿಗೆ ಇದು ಇದೆ. ಅಂದರೆ ಸಾವಿರಕ್ಕೆ ಏಳೆಂಟು. ಸಾವಿರ ಮಂದಿ ದೊಡ್ಡವರು ಉಂಡೆದ್ದ ಆ ಛತ್ರದಲ್ಲೇ ಏಳೆಂಟು ಮಂದಿ ಈ ರೋಗ ಇಟ್ಟುಕೊಂಡು, ಊದಿದ ಬೆರಳಲ್ಲಿ ಅನ್ನ ಕಲಸಿ, ವಾಯು ಎಂದು ಕೇಳಿಸಿಕೊಂಡು ಮನೆಗೆ ಹೋಗಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2019ಕ್ಕೆ ಕೊಡುವ ಲೆಕ್ಕದಲ್ಲಿ ಜಗತ್ತಿನಲ್ಲಿ ಇಂಥವರು 1.8 ಕೋಟಿ, ಅವರಲ್ಲಿ ನೂರಕ್ಕೆ ಎಪ್ಪತ್ತು ಮಂದಿ ಹೆಂಗಸರು. ಈ ಎಪ್ಪತ್ತನ್ನು ನೆನಪಿನಲ್ಲಿಡಿ. ರೋಗ ಪತ್ತೆಯಾಗದಿರುವ ಮುಕ್ಕಾಲು ಗುಟ್ಟು ಅದರಲ್ಲೇ ಇದೆ.

ಇದು ಸವೆತದ ರೋಗವಲ್ಲ. ಸೋಂಕಿನಿಂದ ಮೈಯನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೀಲಿನ ಒಳಪೊರೆಯನ್ನೇ ಪರಕೀಯವೆಂದು ತಿಳಿದು ಅದರ ಮೇಲೆ ಬೀಳುತ್ತದೆ. ಪೊರೆ ಊದಿ ದಪ್ಪಗಾಗುತ್ತದೆ. ಬಿಟ್ಟರೆ ಮೃದ್ವಸ್ಥಿಯನ್ನೂ ಎಲುಬನ್ನೂ ತಿನ್ನತೊಡಗುತ್ತದೆ. ಬೆರಳಿನ ಬುಡದ ಗಿಣ್ಣು, ನಡುಗಿಣ್ಣು, ಮಣಿಕಟ್ಟು, ಕಾಲ್ಬೆರಳಿನ ಬುಡ ಇವೆಲ್ಲ ಅದಕ್ಕೆ ಪ್ರೀತಿಯ ಜಾಗಗಳು. ಹೆಚ್ಚಾಗಿ ಎಡ-ಬಲ ಎರಡೂ ಕಡೆ ಒಟ್ಟಿಗೆ ಹಿಡಿಯುತ್ತದೆ. ಉಗುರಿನ ಪಕ್ಕದ ಗಿಣ್ಣನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ತನ್ನ ಗುರುತನ್ನು ಇಷ್ಟು ಪ್ರಾಮಾಣಿಕವಾಗಿ ಹೇಳಿಕೊಳ್ಳುವ ರೋಗಗಳು ಕಡಿಮೆ.

ಆದರೆ ಅದಕ್ಕೊಂದು ಕೆಟ್ಟ ಅಭ್ಯಾಸವಿದೆ: ಬೇಗ ಏಳುತ್ತದೆ.

ರಾತ್ರಿಯೆಲ್ಲ ಅಲುಗಾಡದ ಕೀಲು ಬೆಳಿಗ್ಗೆ ಬಿಗಿದುಕೊಂಡಿರುತ್ತದೆ. ಐದೂವರೆಗೆ ಎದ್ದ ಹೆಂಗಸಿಗೆ (ಆಕೆಗೆ ನಾನು ಹೆಸರಿಡುವುದಿಲ್ಲ, ನಿಮ್ಮ ಮನೆಯಲ್ಲಿರುವ ಹೆಸರನ್ನೇ ಇಟ್ಟುಕೊಳ್ಳಿ) ಹಾಲಿನ ಪ್ಯಾಕೆಟ್ ಕತ್ತರಿಸಲು ಕತ್ತರಿಯ ಕಿವಿಗೆ ಬೆರಳು ತೂರುವುದಿಲ್ಲ. ಕುಕ್ಕರಿನ ಮುಚ್ಚಳ ತಿರುಗುವುದಿಲ್ಲ. ಚಿಟಿಕೆ ಕೂಡದೆ ರಂಗೋಲಿಯ ಎಳೆ ದಪ್ಪಗೆ ಬೀಳುತ್ತದೆ. ಮಗಳ ಜಡೆ ಅರ್ಧಕ್ಕೇ ಬಿಚ್ಚಿಕೊಳ್ಳುತ್ತದೆ. ಒದ್ದೆ ಬಟ್ಟೆ ಹಿಂಡಲು ಹೋದರೆ ಕಣ್ಣಲ್ಲಿ ನೀರು. ಬಿಸಿನೀರಲ್ಲಿ ಕೈ ಅದ್ದಿ, ಕೆಲಸ ಮಾಡುತ್ತ ಮಾಡುತ್ತ, ಗಂಟೆ ಒಂಬತ್ತಾಗುವ ಹೊತ್ತಿಗೆ ಬೆರಳುಗಳು ಮೆಲ್ಲಗೆ ಸಡಿಲಗೊಳ್ಳುತ್ತವೆ. ಅಷ್ಟರಲ್ಲಿ ಮಿಕ್ಕವರು ಎದ್ದು, ಕಾಫಿ ಕುಡಿದು, ಡಬ್ಬಿ ಹಿಡಿದು ಹೊರಟಿರುತ್ತಾರೆ.

ಕ್ಲಿನಿಕ್ಕಿನ ಬಾಗಿಲು ತೆರೆಯುವುದು ಹನ್ನೊಂದಕ್ಕೆ. ಆಕೆಯ ಸರದಿ ಹನ್ನೊಂದೂವರೆಗೆ. ‘ಮುಷ್ಟಿ ಹಿಡೀರಿ ನೋಡೋಣ.’ ಹಿಡಿಯುತ್ತಾಳೆ. ‘ಬಿಡಿ.’ ಬಿಡುತ್ತಾಳೆ. ‘ಏನೂ ಇಲ್ವಲ್ಲಮ್ಮ!’ ಐದೂವರೆಗೆ ಕೈ ಕಟ್ಟಿಹಾಕಿದ್ದ ರೋಗವನ್ನು ಹನ್ನೊಂದೂವರೆಗೆ ಹುಡುಕಿದರೆ ಸಿಗುವುದು ಇಷ್ಟೇ. ರೋಗ ಹಾಜರಿದ್ದ ಹೊತ್ತಿನಲ್ಲಿ ಎಚ್ಚರವಿದ್ದ ಸಾಕ್ಷಿ ಆಕೆಯೊಬ್ಬಳೇ. ಆಕೆಯ ಸಾಕ್ಷ್ಯಕ್ಕೆ ನಮ್ಮ ಮನೆಗಳಲ್ಲೂ ಬೆಲೆಯಿಲ್ಲ, ಕ್ಲಿನಿಕ್ಕುಗಳಲ್ಲೂ ಇಲ್ಲ. ವಿಚಾರಣೆ ಹೇಗೆ ನಡೆಯುತ್ತದೆಂದು ಬೇಕಾದರೆ ಕೇಳಿಸಿಕೊಳ್ಳಿ.

‘ಏನಾಗ್ತಿದೆಯಮ್ಮ?’

‘ಕೈನೋವು ಸಾರ್,’ ಎನ್ನುತ್ತಾನೆ ಗಂಡ. ‘ರಾತ್ರಿ ನಿದ್ದೆ ಮಾಡಲ್ಲ. ಸುಮ್ ಸುಮ್ನೆ ಯೋಚ್ನೆ ಮಾಡ್ತಾಳೆ.’

‘ವಯಸ್ಸೆಷ್ಟು?’

‘ನಲವತ್ತು ಸಾರ್.’

‘ಮೂವತ್ತೆಂಟು,’ ಎನ್ನುತ್ತಾಳೆ ಆಕೆ.

‘ಹ್ಞಾ, ನಲವತ್ತು. ಇನ್ನೇನಮ್ಮ, ವಯಸ್ಸಾಯ್ತಲ್ಲ. ಸವೆತ ಶುರುವಾಗೋ ಟೈಮು. ಟೆನ್ಷನ್ ಮಾಡ್ಕೋಬೇಡಿ. ಸ್ವಲ್ಪ ತೂಕ ಇಳಿಸಿ.’

ಇಡೀ ಭೇಟಿಯಲ್ಲಿ ಆಕೆ ಹೇಳಿದ್ದು ಒಂದೇ ಮಾತು, ಅದೂ ದಾಖಲಾಗಲಿಲ್ಲ. ಡಾಕ್ಟರು ಕೇಳಬೇಕಿದ್ದ ಪ್ರಶ್ನೆಯೂ ಒಂದೇ: ‘ಬೆಳಿಗ್ಗೆ ಎದ್ದಮೇಲೆ ಕೈ ಸಡಿಲ ಆಗೋಕೆ ಎಷ್ಟು ಹೊತ್ತು ಬೇಕು?’ ಐದು ಹತ್ತು ನಿಮಿಷವೆಂದರೆ ಸವೆತವಿರಬಹುದು. ಅರ್ಧ ಗಂಟೆ ದಾಟಿತು, ಒಂದು ಗಂಟೆ ಆಯಿತು ಎಂದರೆ ಉರಿಯೂತದ ಅನುಮಾನ ಬರಬೇಕು. ಈ ಪ್ರಶ್ನೆಗೆ ಯಂತ್ರ ಬೇಡ, ಕರೆಂಟು ಬೇಡ, ಬಿಲ್ಲಿನಲ್ಲಿ ಬರೆಯಲಂತೂ ಬರುವುದಿಲ್ಲ. ಆದ್ದರಿಂದಲೋ ಏನೋ, ಯಾರೂ ಕೇಳುವುದಿಲ್ಲ.

ಮನೆಗೆ ಬಂದರೆ ಅತ್ತೆಯವರ ಮೇಲ್ಮನವಿ ಪೀಠ. ‘ನಮ್ಮ ಕಾಲ್ದಲ್ಲಿ ಒರಳಲ್ಲಿ ರುಬ್ತಿದ್ವಿ, ಒನಕೆಲಿ ಕುಟ್ತಿದ್ವಿ. ಮಿಕ್ಸಿ, ವಾಷಿಂಗ್ ಮೆಷೀನು ಬಂತು ನೋಡು, ಗಂಟು ಹಿಡ್ಕೊಳ್ತು.’ ಕೈಗೆ ಕೆಲಸವಿಲ್ಲದವರಿಗೆ ಬರುವ ರೋಗ ಎಂಬ ಈ ಸಿದ್ಧಾಂತಕ್ಕೆ ದಕ್ಷಿಣ ಆಫ್ರಿಕಾದಲ್ಲಿ ಒಂದು ಸಣ್ಣ ಅಡ್ಡಿಯಿದೆ. 1967ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಮನುಷ್ಯನಿಂದ ಮನುಷ್ಯನಿಗೆ ಹೃದಯ ಕಸಿ ಮಾಡಿದ ಕ್ರಿಶ್ಚಿಯನ್ ಬರ್ನಾರ್ಡ್ ಅವರ ಕೈಗೂ ಇದೇ ರುಮಟಾಯ್ಡ್ ಆರ್ಥ್ರೈಟಿಸ್ ಇತ್ತು. ಅದೇ ಕಾರಣಕ್ಕೆ 1983ರಲ್ಲಿ ಅವರು ಶಸ್ತ್ರಚಿಕಿತ್ಸೆಯನ್ನೇ ಬಿಡಬೇಕಾಯಿತು. ಕೆಲಸವಿಲ್ಲದೆ ಕೂತ ಕೈಯೆಂದು ಅದನ್ನು ಹೇಳಲು ಅತ್ತೆಯವರೂ ಹಿಂಜರಿಯಬಹುದು.

ಮುಂದಿನ ನಿಲ್ದಾಣ ಮೆಡಿಕಲ್ ಶಾಪು. ‘ಅಣ್ಣಾ, ಕೈನೋವಿಗೆ ಏನಾದ್ರೂ ಕೊಡಣ್ಣ.’ ‘ಊಟ ಆದ್ಮೇಲೆ ಇದು, ಊಟಕ್ಕೆ ಮುಂಚೆ ಗ್ಯಾಸಿಂದು.’ ವೈದ್ಯರ ಚೀಟಿಯಿಲ್ಲದೆ ಮಾರಬಾರದ ಡೈಕ್ಲೋಫೆನಾಕ್ ಮಾತ್ರೆಯನ್ನು ಅಣ್ಣ ಶೀಟುಗಟ್ಟಲೆ ಕತ್ತರಿಸಿ ಕೊಡುತ್ತಾನೆ. ಈ ಔಷಧಕ್ಕೆ ನಮ್ಮ ದೇಶದಲ್ಲಿ ಒಂದು ಇತಿಹಾಸವಿದೆ. ಇದನ್ನು ಚುಚ್ಚಿಸಿಕೊಂಡ ದನ ಸತ್ತಾಗ, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಲಕ್ಷಗಟ್ಟಲೆ ಸತ್ತವು. ಸರ್ಕಾರ ಎಚ್ಚೆತ್ತು 2006ರಲ್ಲಿ ದನಕರುಗಳಿಗೆ ಡೈಕ್ಲೋಫೆನಾಕ್ ಕೊಡುವುದನ್ನು ನಿಷೇಧಿಸಿತು. ಮನುಷ್ಯರ ಚುಚ್ಚುಮದ್ದಿನ ದೊಡ್ಡ ಸೀಸೆ ಕೊಟ್ಟಿಗೆಗೆ ಹೋಗದಿರಲೆಂದು 2015ರಲ್ಲಿ ಅದನ್ನೂ 3 ಮಿಲಿಲೀಟರಿಗೆ ಇಳಿಸಿತು. ನಮ್ಮಲ್ಲಿ 2012ರಲ್ಲಿ ರಾಮನಗರದ ರಾಮದೇವರ ಬೆಟ್ಟ ರಣಹದ್ದುಗಳ ಅಭಯಧಾಮವಾಯಿತು. ಹದ್ದುಗಳಿಗೆ ಆದದ್ದು ನ್ಯಾಯವೇ. ವರ್ಷಗಟ್ಟಲೆ ದಿನಕ್ಕೆರಡು ನುಂಗುವ ಗೃಹಿಣಿಯ ಮೂತ್ರಪಿಂಡಕ್ಕೆ ಮಾತ್ರ ಇನ್ನೂ ಯಾವ ಬೆಟ್ಟವೂ ಮಂಜೂರಾಗಿಲ್ಲ.

ಇಷ್ಟಾಗಿ ಆ ಮಾತ್ರೆ ಮಾಡುವುದೇನು? ನೋವನ್ನು ಕೆಲವು ಗಂಟೆ ಮರೆಸುತ್ತದೆ. ಒಳಗೆ ಕೀಲು ತಿನ್ನುವ ಕೆಲಸ ರಜೆಯಿಲ್ಲದೆ ನಡೆದಿರುತ್ತದೆ. ನೋವು ಇಳಿದಷ್ಟು ಕಾಲ ‘ನೋಡಿದ್ಯಾ, ಏನೂ ಇರ್ಲಿಲ್ಲ’ ಎಂದು ಮನೆಯವರಿಗೂ ಸಮಾಧಾನ.

ಮಾತ್ರೆಗೂ ಬಗ್ಗದಿದ್ದಾಗ ಲ್ಯಾಬಿನ ಪ್ರವೇಶ. ಈಗ ಯಾರೂ ಬೇಕಾದ ಪರೀಕ್ಷೆಯನ್ನು ಮಾಡಿಸುವುದಿಲ್ಲ, ಪ್ಯಾಕೇಜ್ ಮಾಡಿಸುತ್ತಾರೆ. ರಿಯಾಯಿತಿ ದರದಲ್ಲಿ ಹತ್ತಾರು ಪರೀಕ್ಷೆ, ವರದಿಯಲ್ಲಿ ಯಾವುದು ದಪ್ಪ ಅಕ್ಷರದಲ್ಲಿ ಬರುತ್ತದೋ ಅದೇ ರೋಗ. ಮೊದಲು ದಪ್ಪಗಾಗುವುದು ವಿಟಮಿನ್ ಡಿ. ಅದು ಸರಿಯಿದೆ ಎಂಬ ವರದಿ ಬಂದರೆ ನಮ್ಮ ಕಡೆ ಲ್ಯಾಬನ್ನೇ ಅನುಮಾನಿಸುತ್ತಾರೆ. ವಾರಕ್ಕೊಂದು ಪೊಟ್ಟಣ ಹಾಲಿಗೆ ಬೆರೆಸಿ ಕುಡಿದದ್ದಾಯಿತು. ಬೆರಳು ಹಾಗೇ ಇದೆ. ಆಮೇಲೆ ಯೂರಿಕ್ ಆಸಿಡ್ ಮಿತಿಗಿಂತ ಒಂದಿಷ್ಟು ಮೇಲಿದೆ ಎಂದು ತೊಗರಿಬೇಳೆ ನಿಲ್ಲಿಸುತ್ತಾರೆ. ಕನ್ನಡಿಗರ ಮನೆಯಲ್ಲಿ ಬೇಳೆ ನಿಂತರೆ ಸಾರು ನಿಂತಂತೆ, ಹುಳಿ ನಿಂತಂತೆ, ಹೋಳಿಗೆಯೂ ನಿಂತಂತೆ. ಮುಟ್ಟು ನಿಲ್ಲುವ ಮುನ್ನ ಹೆಂಗಸರಲ್ಲಿ ಯೂರಿಕ್ ಆಸಿಡ್ಡಿನ ಗೌಟ್ ಬರುವುದೇ ವಿರಳ ಎಂಬುದು ಪಠ್ಯಪುಸ್ತಕದಲ್ಲಿದೆ. ಪಠ್ಯಪುಸ್ತಕ ಪ್ಯಾಕೇಜಿನಲ್ಲಿಲ್ಲ.

ಪ್ಯಾಕೇಜಿನಲ್ಲಿ ಎಎಸ್‌ಒ ಎಂಬ ಇನ್ನೊಂದು ಅಕ್ಷರತ್ರಯವಿದೆ. ಗಂಟಲಿಗೆ ಎಂದೋ ಒಂದು ಬ್ಯಾಕ್ಟೀರಿಯಾ ಬಂದುಹೋದದ್ದಕ್ಕೆ ಅದು ಗುರುತು. ಮುಖ್ಯವಾಗಿ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಬಂದು ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರದ ವಿಚಾರದಲ್ಲಿ ಅದಕ್ಕೆ ಬೆಲೆ. ನಮ್ಮಲ್ಲಿ ಅದು ನಡುವಯಸ್ಸಿನ ಗೃಹಿಣಿಯ ವರದಿಯಲ್ಲಿ ದಪ್ಪಗಾಗಿ, ಮೂರು ವಾರಕ್ಕೊಂದು ಪೆನಿಸಿಲಿನ್ ಸೂಜಿಯಾಗಿ ಬದಲಾಗುತ್ತದೆ. ಎರಡು ರೋಗಗಳ ಹೆಸರೂ ‘ರುಮ’ ಎಂದು ಶುರುವಾಗುವುದರಿಂದ ಸೂಜಿಗೂ ಅನುಮಾನ ಬರುವುದಿಲ್ಲ.

ಹಾಗಾದರೆ ಸರಿಯಾದ ಪರೀಕ್ಷೆಯಾದ ಆರ್‌ಎ ಫ್ಯಾಕ್ಟರ್? ನಾರ್ವೆಯ ಎರಿಕ್ ವಾಲರ್ 1940ರಲ್ಲಿ ಕಂಡುಕೊಂಡ ಈ ರುಮಟಾಯ್ಡ್ ಫ್ಯಾಕ್ಟರ್ ಪೂರ್ತಿ ನಂಬುವಂಥದ್ದಲ್ಲ; ಕೆಲವರಿಗೆ ರೋಗವಿಲ್ಲದೆಯೂ ಪಾಸಿಟಿವ್ ಬರುತ್ತದೆ. ವಯಸ್ಸಾದ ಆರೋಗ್ಯವಂತರಲ್ಲಿ, ಕ್ಷಯದಲ್ಲಿ, ಯಕೃತ್ತಿನ ಸೋಂಕಿನಲ್ಲಿ ಕಾಣಿಸಿಕೊಳ್ಳುತ್ತದೆ. ರೋಗವಿರುವವರಲ್ಲಿ ನೂರಕ್ಕೆ ಇಪ್ಪತ್ತು ಮೂವತ್ತು ಮಂದಿಯಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. ಅದಕ್ಕೇ ಜೊತೆಗೆ ಆ್ಯಂಟಿ ಸಿಸಿಪಿ ಎಂಬ ಪ್ರತಿಕಾಯದ ಪರೀಕ್ಷೆ ಮಾಡಿಸಬೇಕು, ಉರಿಯೂತ ಅಳೆಯುವ ಇಎಸ್‌ಆರ್ ಮತ್ತು ಸಿಆರ್‌ಪಿ ನೋಡಬೇಕು, ಎಲ್ಲಕ್ಕಿಂತ ಮೊದಲು ಕೈ ಮುಟ್ಟಿ ನೋಡಬೇಕು. ನಮ್ಮಲ್ಲಿ ‘ಆರ್‌ಎ ನೆಗೆಟಿವ್’ ಎಂಬ ಎರಡು ಪದ ಬಂದರೆ ಕೇಸು ವಜಾ. ಊದಿದ ಬೆರಳು ಕಣ್ಣೆದುರಿಗಿದ್ದರೂ ಕಾಗದ ಹೇಳಿದ್ದೇ ಪ್ರಮಾಣ.

ನಡುವೆ ಯಾರೋ ಒಬ್ಬರು ಕೇಳಿಯೇ ಕೇಳುತ್ತಾರೆ: ‘ಯಾವತ್ತಾದ್ರೂ ಚಿಕನ್‌ಗುನ್ಯಾ ಬಂದಿತ್ತಾ?’ 2006ರಲ್ಲಿ ಕರ್ನಾಟಕದಲ್ಲಿ ಶಂಕಿತ ಚಿಕನ್‌ಗುನ್ಯಾ ಪ್ರಕರಣಗಳು 7 ಲಕ್ಷ ದಾಟಿದ್ದವು; ಬಯಲುಸೀಮೆಯ ಊರೂರೇ ಮಂಡಿ ಹಿಡಿದು ಕೂತಿದ್ದವು. ಆದ್ದರಿಂದ ಇದಕ್ಕೆ ‘ಹೌದು’ ಎನ್ನುವವರು ಬೇಕಾದಷ್ಟಿದ್ದಾರೆ. ಚಿಕನ್‌ಗುನ್ಯಾದ ಕೀಲುನೋವು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುವುದೂ ನಿಜ, ನೋಡಲು ರುಮಟಾಯ್ಡ್ ಹಾಗೇ ಇರುವುದೂ ನಿಜ. ಅದಕ್ಕೇ ಎರಡನ್ನೂ ಬೇರ್ಪಡಿಸಿ ನೋಡಬೇಕು. ನಾವು ಬೇರ್ಪಡಿಸುವುದಿಲ್ಲ. ಸೊಳ್ಳೆ ಸತ್ತು ಎಷ್ಟೋ ವರ್ಷವಾದರೂ ಅಪವಾದ ಅದರ ಮೇಲೇ ಇದೆ.

ಆಮೇಲೆ ಮೂಳೆ ಡಾಕ್ಟರು. ಕೀಲು ಎಂದರೆ ಮೂಳೆ, ಮೂಳೆ ಎಂದರೆ ಎಕ್ಸ್‌ರೇ. ‘ಎಕ್ಸ್‌ರೇ ಕ್ಲೀನಾಗಿದೆ, ಏನೂ ಇಲ್ಲ.’ ಈ ರೋಗ ಶುರುವಾಗುವುದು ಪೊರೆಯಲ್ಲಿ. ಪೊರೆ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಎಲುಬು ಕಚ್ಚಿಹೋದ ಮೇಲಷ್ಟೇ ಫಿಲ್ಮು ಒಪ್ಪಿಕೊಳ್ಳುತ್ತದೆ. ಗೋಡೆ ಬಿರುಕು ಬಿಟ್ಟಿದೆಯೆಂದು ಅರ್ಜಿ ಕೊಟ್ಟಾಗ ಬಾರದ ತಹಸೀಲ್ದಾರರು ಮನೆ ಪೂರ್ತಿ ಕುಸಿದ ಮೇಲೆ ಮಹಜರಿಗೆ ಬಂದ ಹಾಗೆ. ಅಮೆರಿಕ ಮತ್ತು ಯುರೋಪಿನ ತಜ್ಞರು ಸೇರಿ 2010ರಲ್ಲಿ ಈ ರೋಗವನ್ನು ಗುರುತಿಸಲು ಹತ್ತು ಅಂಕಗಳ ಪಟ್ಟಿಯೊಂದನ್ನು ಮಾಡಿದರು. ಆರು ಬಂದರೆ ರೋಗವೆಂದು ಲೆಕ್ಕ. ಬಾಧೆಗೊಂಡ ಕೀಲುಗಳ ಎಣಿಕೆಗೆ ಐದರವರೆಗೆ ಅಂಕ, ರಕ್ತದಲ್ಲಿನ ಪ್ರತಿಕಾಯಗಳಿಗೆ ಮೂರರವರೆಗೆ, ಇಎಸ್‌ಆರ್ ಅಥವಾ ಸಿಆರ್‌ಪಿಗೆ ಒಂದು, ಆರು ವಾರ ದಾಟಿದ್ದಕ್ಕೆ ಒಂದು. ಎಕ್ಸ್‌ರೇಗೆ ಅಂಕವೇ ಇಲ್ಲ. ಸಣ್ಣ ಕೀಲುಗಳೂ ಸೇರಿ ಹತ್ತಕ್ಕಿಂತ ಹೆಚ್ಚು ಕೀಲು ಹಿಡಿದು, ಆರು ವಾರ ಕಳೆದಿದ್ದರೆ ಐದಕ್ಕೊಂದು ಕೂಡಿ ಆರಾಯಿತು. ಬೇರೆ ಕಾರಣ ಸಿಗದಿದ್ದರೆ, ರಕ್ತದ ವರದಿಯೆಲ್ಲ ನೆಗೆಟಿವ್ ಆಗಿದ್ದರೂ ಪಾಸು. ಪರೀಕ್ಷೆ ಬರೆಯುವುದರಲ್ಲಿ ಇಷ್ಟು ಪಳಗಿದ ನಾಡಿನಲ್ಲಿ ಈ ಒಂದು ಪಟ್ಟಿಯನ್ನು ಯಾರೂ ಬಾಯಿಪಾಠ ಮಾಡಲಿಲ್ಲ.

ಎಕ್ಸ್‌ರೇ ಕೈಬಿಟ್ಟಲ್ಲಿ ಗೋಡೆ ಬರಹ ಕೈಹಿಡಿಯುತ್ತದೆ. ಬಸ್ ಸ್ಟ್ಯಾಂಡಿನ ಗೋಡೆ, ರೈಲು ಹಳಿಯ ಪಕ್ಕದ ಕಾಂಪೌಂಡು, ಆಟೋದ ಹಿಂಬದಿ: ‘ಮಂಡಿ, ಸೊಂಟ, ಕೀಲುವಾಯು, ಒಂದೇ ವಾರದಲ್ಲಿ ಗುಣ. ಗುಣವಾಗದಿದ್ದರೆ ಹಣ ವಾಪಸ್.’ ಈ ಬಗೆಯ ಜಾಹೀರಾತನ್ನು ತಡೆಯಲು ದೇಶದಲ್ಲಿ 1954ರಿಂದಲೇ ಕಾನೂನಿದೆ. ಯಾವ ಯಾವ ಕಾಯಿಲೆಗೆ ‘ಗುಣಪಡಿಸುತ್ತೇವೆ’ ಎಂದು ಜಾಹೀರಾತು ಹಾಕಬಾರದೋ ಆ ಪಟ್ಟಿಯಲ್ಲಿ ಕೀಲುವಾತಕ್ಕೂ ಜಾಗವಿದೆ. ಕಾನೂನು ಗೆಜೆಟ್ಟಿನಲ್ಲಿದೆ, ಬರಹ ಗೋಡೆಯ ಮೇಲಿದೆ. ಜನ ಓದುವುದು ಗೋಡೆಯನ್ನು.

ಅಲ್ಲಿ ಸಿಗುವ ಬೂದುಬಣ್ಣದ ಪುಡಿಗೆ ಮಾತ್ರ ಅನ್ಯಾಯ ಮಾಡಬಾರದು. ಅದು ಕೆಲಸ ಮಾಡುತ್ತದೆ. ಮೂರೇ ದಿನಕ್ಕೆ ಕೈ ಮಡಚುತ್ತದೆ, ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ. ನೆಂಟರು ‘ಈಗ ನೋಡು ಮೈಕೈ ತುಂಬ್ಕೊಂಡು ಲಕ್ಷಣವಾಗಿದೀಯ’ ಅನ್ನುತ್ತಾರೆ. ಇಂಥ ಹಲವು ಪುಡಿಗಳಲ್ಲಿ ಬೆರೆತಿರುವುದು ಹಿಮಾಲಯದ ಮೂಲಿಕೆಯಲ್ಲ, ಸ್ಟೀರಾಯ್ಡ್. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಹಾಸಿಗೆ ಹಿಡಿದಿದ್ದ ರುಮಟಾಯ್ಡ್ ರೋಗಿಯೊಬ್ಬರಿಗೆ ಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಾಗ ಆಕೆ ಕೆಲವೇ ದಿನಗಳಲ್ಲಿ ಎದ್ದು ಓಡಾಡಿದರು. 1950ರಲ್ಲಿ ಹೆಂಚ್ ಮತ್ತು ಇನ್ನಿಬ್ಬರಿಗೆ ನೊಬೆಲ್ ಬಂತು. ಬೇಕಾಬಿಟ್ಟಿ ಕೊಟ್ಟರೆ ಸಕ್ಕರೆ ಕಾಯಿಲೆ, ಮೂಳೆ ಟೊಳ್ಳು, ಸೋಂಕು, ಚಂದ್ರನ ಹಾಗೆ ದುಂಡಾಗುವ ಮುಖ ಎಂಬುದೂ ಬೇಗನೆ ಗೊತ್ತಾಯಿತು. ಡಾಕ್ಟರು ಅದನ್ನು ಇಂದಿಗೂ ಕೊಡುತ್ತಾರೆ: ಅಳೆದು, ಕಡಿಮೆ ದಿನಕ್ಕೆ, ಮೆಲ್ಲಗೆ ಇಳಿಸುತ್ತ. ಪುಡಿಯವನು ಕಿಲೋ ಲೆಕ್ಕದಲ್ಲಿ ಕೊಡುತ್ತಾನೆ, ಜೊತೆಗೆ ಮೊಸರು ತಿನ್ನಬಾರದೆಂಬ ಪಥ್ಯ ಹೇಳುತ್ತಾನೆ. ಪುಡಿ ತಟ್ಟನೆ ನಿಲ್ಲಿಸಿದರೆ ನೋವು ಇಮ್ಮಡಿಯಾಗಿ ಮರಳುತ್ತದೆ; ತಪ್ಪು ಮೊಸರಿನದು.

ಇದನ್ನೆಲ್ಲ ಆಯುರ್ವೇದದ ತಲೆಗೆ ಕಟ್ಟುವವರಿದ್ದಾರೆ. ಅದು ಸಲ್ಲದು. ಆಯುರ್ವೇದದ ಪಂಡಿತ ಮಾಧವಕರ ತನ್ನ ನಿದಾನ ಗ್ರಂಥದಲ್ಲಿ ಆಮವಾತವೆಂಬ ಕೀಲುರೋಗಕ್ಕೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟು ಸಾವಿರದ ಇನ್ನೂರು ವರ್ಷಗಳಾದರೂ ಆಗಿವೆ. ಎಲ್ಲ ಕೀಲುನೋವೂ ಒಂದಲ್ಲ ಎಂದು ಅವನಿಗೆ ಅಂದೇ ಗೊತ್ತಿತ್ತು. ಅವನ ಹೆಸರಿನಲ್ಲಿ ಪುಡಿ ಮಾರುವವರಿಗೆ ಇಂದಿಗೂ ಗೊತ್ತಿಲ್ಲ.

ಗಂಡಸರು ಇಷ್ಟುಹೊತ್ತು ಹೆಂಗಸರ ಗೋಳೆಂದು ಓದುತ್ತಿದ್ದರೆ ಅವರಿಗೂ ಒಂದು ಪಾಲಿದೆ. ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಹೆಚ್ಚಾಗಿ ಇಪ್ಪತ್ತರ ಆಸುಪಾಸಿನ ಹುಡುಗರಲ್ಲಿ ಶುರುವಾಗುತ್ತದೆ. ನಡುರಾತ್ರಿ ಎಬ್ಬಿಸುವ ಸೊಂಟನೋವು, ಬೆಳಿಗ್ಗೆ ಮರಗಟ್ಟಿದ ಬೆನ್ನು, ನಡೆದಾಡಿದರೆ ಹಗುರ, ಮಲಗಿದರೆ ಜಾಸ್ತಿ. ಹುಡುಗನಿಗೆ ಸಿಗುವ ಸಲಹೆ: ‘ಬೈಕ್ ಓಡಿಸ್ಬೇಡ, ಹದಿನೈದು ದಿನ ಬೆಡ್ ರೆಸ್ಟ್ ಮಾಡು.’ ಮಲಗಿದರೆ ಹೆಚ್ಚುವ ನೋವಿಗೆ ಮಲಗುವುದೇ ಔಷಧ! ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಗುರುತಿಗೂ ಈ ರೋಗಕ್ಕೂ ನಂಟಿದೆ ಎಂದು 1973ರಲ್ಲೇ ಗೊತ್ತಾಗಿದೆ. ಎಕ್ಸ್‌ರೇ ತೋರಿಸುವ ಮೊದಲೇ ಎಂಆರ್‌ಐ ಉರಿಯೂತವನ್ನು ತೋರಿಸುತ್ತದೆ. ಆದರೂ ಮೊದಲ ನೋವಿನಿಂದ ಸರಿಯಾದ ಹೆಸರಿನವರೆಗೆ ಸರಾಸರಿ ಆರೇಳು ವರ್ಷ ಹಿಡಿಯುತ್ತದೆಂದು ದೇಶ ದೇಶಗಳ ಅಧ್ಯಯನಗಳು ಹೇಳುತ್ತವೆ. ಅಷ್ಟರಲ್ಲಿ ಕೆಲವರ ಬೆನ್ನು ಬಾಗಿದ್ದೇ ನಿಂತುಬಿಟ್ಟಿರುತ್ತದೆ. ಇದೇ ರೋಗದಿಂದ ಕಣ್ಣು ಕೆಂಪಾಗಿ ಉರಿದದ್ದಕ್ಕೆ ಮೊಬೈಲನ್ನು ಬೈದದ್ದೂ ಆಗಿರುತ್ತದೆ.

ಇಷ್ಟು ದೇವರುಗಳಿಗೆ ಹರಕೆ ಹೊತ್ತ ಮೇಲೆ ಯಾರೋ ಪುಣ್ಯಾತ್ಮರು ‘ರುಮಟಾಲಜಿಸ್ಟ್ ಹತ್ರ ತೋರಿಸಿದ್ರಾ?’ ಎಂದು ಕೇಳುತ್ತಾರೆ. ‘ಅದ್ಯಾವ ಡಾಕ್ಟ್ರು?’ ಹೃದಯಕ್ಕೆ ಡಾಕ್ಟರಿದ್ದಾರೆ, ಕಿಡ್ನಿಗಿದ್ದಾರೆ, ಕೂದಲು ನಾಟಿ ಮಾಡಲು ಬೀದಿಗೊಬ್ಬರಿದ್ದಾರೆ. ಕೀಲಿನ ಉರಿಯೂತಕ್ಕೇ ಓದಿದವರು ಇದ್ದಾರೆಂದು ಊರಿನಲ್ಲಿ ಗೊತ್ತಿಲ್ಲ. ಎಂಬಿಬಿಎಸ್, ಅದರ ಮೇಲೆ ಮೂರು ವರ್ಷ ಎಂಡಿ, ಅದರ ಮೇಲೆ ಮತ್ತೆ ಮೂರು ವರ್ಷ ಡಿಎಂ ಮಾಡಿ ಬಂದವರು ಅವರು. ಹೆಚ್ಚಿನವರು ಬೆಂಗಳೂರಿನಲ್ಲಿ, ಉಳಿದವರು ಮಂಗಳೂರು, ಮೈಸೂರು, ಹುಬ್ಬಳ್ಳಿಯಂಥ ದೊಡ್ಡ ಊರುಗಳಲ್ಲಿ. ಹಳ್ಳಿಯಿಂದ ರಾತ್ರಿ ಬಸ್ಸು ಹತ್ತಿ ಬೆಳಿಗ್ಗೆ ಇಳಿದ ಹೆಂಗಸಿಗೆ ಒಂದು ಲಾಭವಂತೂ ಇದೆ: ರಾತ್ರಿಯಿಡೀ ಸೀಟಿನಲ್ಲಿ ಕೂತ ಕೀಲು ಅಲ್ಲಿಯವರೆಗೂ ಬಿಗಿದೇ ಇರುತ್ತದೆ.

ಆ ಡಾಕ್ಟರು ಏನು ಮಾಡುತ್ತಾರೆ? ಆಕೆಯ ಅಂಗೈಯನ್ನು ತಮ್ಮ ಕೈಯಲ್ಲಿ ಹಿಡಿದು, ಬೆರಳ ಬುಡದ ಗಿಣ್ಣುಗಳನ್ನು ಎರಡು ಕಡೆಯಿಂದ ಮೆತ್ತಗೆ ಅದುಮುತ್ತಾರೆ. ಆಕೆ ಚೀರುತ್ತಾಳೆ. ‘ಬೆಳಿಗ್ಗೆ ಎಷ್ಟು ಹೊತ್ತು ಬಿಗಿ ಇರುತ್ತಮ್ಮ?’ ಎಂದು ಕೇಳುತ್ತಾರೆ. ಆಕೆ ಉತ್ತರ ಹೇಳುತ್ತಾಳೆ. ಮುಗಿಯಿತು. ಉಳಿದದ್ದೆಲ್ಲ ಅನುಮಾನವನ್ನು ಖಾತ್ರಿ ಮಾಡಿಕೊಳ್ಳುವ ಕೆಲಸ. ವರ್ಷಗಟ್ಟಲೆ ಊರೆಲ್ಲ ಸುತ್ತಿ ಕಂಡುಹಿಡಿಯಲಾಗದ್ದು ಒಂದು ಅದುಮು, ಒಂದು ಪ್ರಶ್ನೆಗೆ ಸಿಕ್ಕಿತು. ಆ ಅದುಮು ಯಾವ ತಾಲ್ಲೂಕು ಆಸ್ಪತ್ರೆಯಲ್ಲೂ ಸಾಧ್ಯವಿತ್ತು.

ರೋಗದ ಹೆಸರು ಸಿಕ್ಕಿತೆಂದು ಕತೆ ಮುಗಿಯುವುದಿಲ್ಲ. ಮೊದಲ ಔಷಧ ಸಾಮಾನ್ಯವಾಗಿ ಮೆಥೋಟ್ರೆಕ್ಸೇಟ್. ಪಕ್ಕದ ಆಂಧ್ರದ ಭೀಮವರಂನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಯಲ್ಲಾಪ್ರಗಡ ಸುಬ್ಬರಾವ್ ನಡೆಸುತ್ತಿದ್ದ ಪ್ರಯೋಗಾಲಯದ ಫಲ ಅದು. ಅವರಿಗೆ ನೊಬೆಲ್ ಬರಲಿಲ್ಲ, ಪಠ್ಯದಲ್ಲಿ ಒಂದು ಪಾಠವೂ ಸರಿಯಾಗಿ ಬರಲಿಲ್ಲ. ಈ ರೋಗಕ್ಕೆ ಅದನ್ನು ಕೊಡಬಹುದೆಂದು ಅಮೆರಿಕ 1988ರಲ್ಲಿ ಒಪ್ಪಿಗೆ ಕೊಟ್ಟಿತು. ವಾರಕ್ಕೆ ಒಂದೇ ದಿನ ನುಂಗಬೇಕು. ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಬಸುರಿಯರಿಗೂ ಬಸುರಾಗಲು ಹೊರಟವರಿಗೂ ಕೊಡುವಂತಿಲ್ಲ. ಆಗಾಗ ರಕ್ತಪರೀಕ್ಷೆ, ಜೊತೆಗೆ ಫೋಲಿಕ್ ಆಸಿಡ್. ಮಾತ್ರೆಯ ಬೆಲೆಯೂ ಕೈಗೆಟಕುವಂಥದ್ದು. ಇಷ್ಟನ್ನು ಡಾಕ್ಟರು ಬಿಡಿಸಿ ಹೇಳಿ ಕಳಿಸುತ್ತಾರೆ.

ಚೀಟಿ ಮತ್ತೆ ಮೆಡಿಕಲ್ ಶಾಪಿನ ಅಣ್ಣನ ಕೈಗೆ ಬರುತ್ತದೆ. ಡೈಕ್ಲೋಫೆನಾಕ್ ಕೊಡುವಾಗ ಒಂದು ಮಾತೂ ಆಡದಿದ್ದ ಅಣ್ಣ ಈಗ ಕನ್ನಡಕ ಸರಿಮಾಡಿಕೊಳ್ಳುತ್ತಾನೆ. ‘ಅಕ್ಕಾ, ಇದು ಕ್ಯಾನ್ಸರ್ ಮಾತ್ರೆ ಅಲ್ವಾ? ನಿಮಗ್ಯಾಕೆ ಬರ್ದಿದಾರೆ?’ ಕ್ಯಾನ್ಸರಿಗೆ ಕೊಡುವುದು ಇದರ ಎಷ್ಟೋ ಪಟ್ಟು ಹೆಚ್ಚಿನ ಪ್ರಮಾಣ ಎಂದು ಹೇಳುವವರು ಅಲ್ಲಿ ಯಾರೂ ಇರುವುದಿಲ್ಲ. ಆ ರಾತ್ರಿಯೇ ಮನೆಯಲ್ಲಿ ಸಭೆ ಸೇರಿ, ‘ಇಂಗ್ಲಿಷ್ ಔಷಧಿ ಉಷ್ಣ, ಕಿಡ್ನಿ ಹೋಗುತ್ತೆ’ ಎಂದು ನಿರ್ಣಯ ಅಂಗೀಕರಿಸಿ, ಎಲ್ಲರೂ ಸೇರಿ ಆಕೆಯನ್ನು ಪುಡಿಯ ಕಡೆಗೆ ವಾಪಸ್ ಕಳಿಸುತ್ತಾರೆ.

ಸರ್ಕಾರಕ್ಕೂ ವಿಮಾ ಕಂಪನಿಗಳಿಗೂ ಇಲ್ಲಿ ಸಮಪಾಲು ಗೌರವ ಸಲ್ಲಬೇಕು. ಸಾಮಾನ್ಯ ಆರೋಗ್ಯ ವಿಮೆ ದುಡ್ಡು ಬಿಚ್ಚುವುದು ಆಸ್ಪತ್ರೆಯಲ್ಲಿ ಮಲಗಿದವರಿಗೆ. ಇದು ಹೊರರೋಗಿಯಾಗಿ, ತಿಂಗಳು ತಿಂಗಳು ಮಾತ್ರೆ ಮತ್ತು ರಕ್ತಪರೀಕ್ಷೆಯಲ್ಲಿ ನಿಭಾಯಿಸುವ ರೋಗ. ಔಷಧ ಸಿಗದೆ ಮಂಡಿ ಪೂರ್ತಿ ಹಾಳಾಗಲಿ, ಆಗ ಮಲಗಿಸಿ ಕೀಲು ಬದಲಾಯಿಸಲು ಹಣ ಸಿಗುತ್ತದೆ. ಕೀಲು ಉಳಿಸಿಕೊಳ್ಳುವುದಕ್ಕೆ ಪಾಲಿಸಿಯಿಲ್ಲ, ಕಳೆದುಕೊಳ್ಳುವುದಕ್ಕೆ ಇದೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಹೆಸರಿಸಿತು; ರುಮಟಾಯ್ಡ್ ಆರ್ಥ್ರೈಟಿಸ್ ಅದರಲ್ಲಿಲ್ಲ. ಬೆರಳು ಸೊಟ್ಟಗಾದ ಮೇಲೆ ಚಲನವೈಕಲ್ಯದ ಖಾತೆಯಲ್ಲಿ ಅರ್ಜಿ ಹಾಕಬಹುದು. ಮತ್ತೆ ಅದೇ ನಿಯಮ: ಮೊದಲು ಹಾಳಾಗಿ, ಆಮೇಲೆ ಬನ್ನಿ.

ಈ ರೋಗಕ್ಕೆ ಚಿಕಿತ್ಸೆ ಶುರುಮಾಡಲು ಒಳ್ಳೆಯ ಕಾಲ ಮೊದಲ ಮೂರು ತಿಂಗಳು. ಆಗ ಹಿಡಿದರೆ ಎಷ್ಟೋ ಮಂದಿ ನೋವಿಲ್ಲದೆ, ಬೆರಳು ಸೊಟ್ಟಗಾಗದೆ ಎಲ್ಲರ ಹಾಗೆ ಬದುಕುತ್ತಾರೆ. ಆ ಮೂರು ತಿಂಗಳನ್ನು ನಾವು ಬದನೆಕಾಯಿ ಬಿಡುವುದರಲ್ಲಿ ಕಳೆಯುತ್ತೇವೆ. ತಡವಾಗುವುದು ವಿಜ್ಞಾನ ತಿಳಿಯದ್ದರಿಂದಲ್ಲ, ಹೆಂಗಸಿನ ಮಾತನ್ನು ನಂಬದ್ದರಿಂದ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಾಳೆ ಕಾಫಿ ಕೈಗೆ ಬಂದಾಗ, ತಂದುಕೊಟ್ಟವರನ್ನು ಕೇಳಿ: ‘ಬೆಳಿಗ್ಗೆ ಕೈ ಮಡಚೋಕೆ ಎಷ್ಟು ಹೊತ್ತಾಗುತ್ತೆ?’ ಅರ್ಧ ಗಂಟೆಗಿಂತ ಹೆಚ್ಚು ಎಂದರೆ, ಗಿಣ್ಣು ಊದಿದ್ದರೆ, ಇದು ಕೆಲವು ವಾರಗಳಿಂದ ನಡೆದಿದ್ದರೆ, ವಾಯು, ಗ್ಯಾಸು, ವಯಸ್ಸು ಎಲ್ಲವನ್ನೂ ಪಕ್ಕಕ್ಕಿಟ್ಟು ರುಮಟಾಲಜಿಸ್ಟ್ ಹತ್ತಿರ ಕರೆದೊಯ್ಯಿರಿ. ಅವರು ಹತ್ತಿರದಲ್ಲಿಲ್ಲದಿದ್ದರೆ ಜಿಲ್ಲಾ ಆಸ್ಪತ್ರೆಯ ಅಥವಾ ಮೆಡಿಕಲ್ ಕಾಲೇಜಿನ ಫಿಜಿಷಿಯನ್ ಆದರೂ ಸರಿ. ಊದಿದ ಕೈಯ ಫೋಟೋವನ್ನು ಬೆಳಗಿನ ಐದೂವರೆಗೇ ತೆಗೆದಿಟ್ಟುಕೊಳ್ಳಿ. ಮೊಬೈಲು ಅಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಡಾಕ್ಟರ ಮುಂದೆ ಕೂತಾಗ ಉತ್ತರವನ್ನು ಆಕೆಯೇ ಹೇಳಲಿ. ಜೊತೆಗೆ ಹೋದ ಗಂಡಸರು ಗಾಡಿ ಪಾರ್ಕಿಂಗ್ ನೋಡಿಕೊಂಡರೆ ಸಾಕು.